ಗಂಟೆ ಹೊಡೆಯಿತು, ಮಾತು ಕೇಳಲಿಲ್ಲ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ. ನಮ್ಮ ಶಾಲೆಯ ಗುಮಾಸ್ತರು ರಜೆಯ ಮೇಲಿದ್ದರು. ಹದಿನೈದು ದಿನಗಳ ಹಿಂದಷ್ಟೇ ಕಚೇರಿಯ ಮೇಜಿಗೆ ಬಂದಿದ್ದ ಹೊಸ ಫೋನು ಗಂಟೆ ಹೊಡೆಯಿತು. ತರಗತಿ ಮುಗಿಸಿ ಬರುತ್ತಿದ್ದ ನಾನೇ ಹೋಗಿ ಎತ್ತಿಕೊಂಡೆ. ‘ಹಲೋ’ ಎಂದೆ. ಆ ಕಡೆಯಿಂದ ಉಸಿರಿಲ್ಲ. ಇಟ್ಟುಬಿಟ್ಟೆ. ಎರಡು ನಿಮಿಷಕ್ಕೆ ಮತ್ತೆ ಗಂಟೆ, ಮತ್ತೆ ಮೌನ. ಮೂರನೆಯ ಸಲವೂ ಹಾಗೇ ಆದಾಗ ತಾಳ್ಮೆ ತಪ್ಪಿತು. ‘ಯಾರಯ್ಯಾ ಅದು? ಶಾಲೆ ಫೋನಿನ ಜೊತೆ ಆಟ ಆಡ್ತೀಯಾ? ಇಡು ಫೋನು!’ ಎಂದು ಗದರಿ ಇಟ್ಟೆ.

ಸಂಜೆ ಶಾಲೆ ಬಿಡುವ ಹೊತ್ತಿಗೆ ಏಳನೆಯ ತರಗತಿಯ ಹುಡುಗನೊಬ್ಬನ ತಾಯಿ ಬಂದರು. ಅವರ ಅತ್ತೆಯವರನ್ನು ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ದರಂತೆ. ಎರಡು ಗಂಟೆಯ ಬಸ್ಸಿಗೆ ಮಗನನ್ನು ಕರೆದುಕೊಂಡು ಹೋಗಬೇಕಿತ್ತು, ಅವನನ್ನು ಸಿದ್ಧವಾಗಿ ಇರಿಸಿ ಎಂದು ಹೇಳಲು ಮೂರು ಸಲ ಫೋನು ಮಾಡಿದ್ದರು. ‘ನಾನು ಹೇಳ್ತಾನೇ ಇದ್ದೆ ಸಾರ್. ನೀವು ಬೈದದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸ್ತು’ ಎಂದರು. ಕೋಪದಿಂದಲ್ಲ, ಸಣ್ಣ ದನಿಯಲ್ಲಿ. ಅದೇ ಹೆಚ್ಚು ನೋವಾಯಿತು.

ಅವರ ಮಾತು ನಮಗೆ ಕೇಳಲಿಲ್ಲ, ನಮ್ಮ ಬೈಗುಳ ಅವರಿಗೆ ಕೇಳಿತು. ಇದೇನು ಚೋದ್ಯ? ಗಂಟೆ ಹೊಡೆದ ಫೋನು ಮಾತನ್ನೇಕೆ ತರಲಿಲ್ಲ? ತರದಿದ್ದರೂ ಒಂದೇ ಕಡೆಯ ಮಾತನ್ನು ಏಕೆ ನುಂಗಿತು? ಇದನ್ನು ಅರಿಯಲು ಆ ಹೊಸ ಫೋನಿನ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಶಾಲೆಗಳು, ಸಣ್ಣ ಕಚೇರಿಗಳು, ಸಹಕಾರ ಸಂಘಗಳು ಹಳೆಯ ದೂರವಾಣಿಯನ್ನು ಬಿಟ್ಟು ಇಂಥ ಫೋನುಗಳನ್ನು ತರಿಸುತ್ತಿವೆ. ತಂದೆತಾಯಿಯರಲ್ಲಿ ಹಲವರು ತಮ್ಮ ಅಂಗಡಿಗೋ ಕಚೇರಿಗೋ ಒಂದನ್ನು ಕೊಳ್ಳುವ ಯೋಚನೆಯಲ್ಲಿರಬಹುದು. ಅವರಿಗೂ ಇದು ಉಪಯೋಗವಾದೀತು.

ಹಳೆಯದು ಹೇಗೆ, ಹೊಸದು ಹೇಗೆ?

ಹಳೆಯ ದೂರವಾಣಿಗೆ ಬರುತ್ತಿದ್ದದ್ದು ಎರಡು ತಾಮ್ರದ ತಂತಿ. ಆ ಎರಡು ತಂತಿಗಳಲ್ಲೇ ಮಾತೂ ಬರುತ್ತಿತ್ತು, ಫೋನು ನಡೆಯಲು ಬೇಕಾದ ವಿದ್ಯುತ್ತೂ ಬರುತ್ತಿತ್ತು. ದೂರವಾಣಿ ಕೇಂದ್ರದಲ್ಲಿ 48 ವೋಲ್ಟಿನ ದೊಡ್ಡ ಬ್ಯಾಟರಿಗಳ ಸಾಲು ಇರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಕೆಲಸ ಮಾಡುತ್ತಿದ್ದುದು ಅದರಿಂದಲೇ. ರಿಸೀವರು ಎತ್ತಿದಾಗ ಕೇಳುವ ‘ಗುಂಯ್’ ಎಂಬ ಡಯಲ್ ಟೋನು ಕೂಡ ಕೇಂದ್ರದಿಂದಲೇ ಬರುತ್ತಿತ್ತು. ಟೋನು ಇದೆಯೆಂದರೆ ಕೇಂದ್ರದವರೆಗೆ ತಂತಿ ಸರಿಯಾಗಿದೆ ಎಂದು ನಂಬಬಹುದಿತ್ತು.

ಹೊಸ ಫೋನಿಗೆ ‘ವಾಯ್ಸ್ ಓವರ್ ಇಂಟರ್‌ನೆಟ್ ಪ್ರೋಟೋಕಾಲ್’ ಫೋನು ಎಂಬ ಉದ್ದನೆಯ ಹೆಸರು. ಬಾಯಿಮಾತಿನಲ್ಲಿ ಐಪಿ ಫೋನು. ನೋಡಲು ಹಳೆಯ ಮೇಜಿನ ಫೋನಿನಂತೆಯೇ ಇದ್ದರೂ ಇದು ನಿಜವಾಗಿ ಒಂದು ಪುಟ್ಟ ಗಣಕಯಂತ್ರ. ನಮ್ಮ ಮಾತನ್ನು ಅಂಕಿಗಳಾಗಿ ಕತ್ತರಿಸಿ, ಪೊಟ್ಟಣ ಕಟ್ಟಿ, ಅಂತರಜಾಲದ ದಾರಿಯಲ್ಲಿ ಕಳಿಸುತ್ತದೆ. ಇದರಲ್ಲಿ ಕೇಳುವ ಡಯಲ್ ಟೋನನ್ನು ಫೋನೇ ತಯಾರಿಸುತ್ತದೆ. ಆದ್ದರಿಂದ ಟೋನು ಕೇಳಿತೆಂದರೆ ಹೊರಗಿನ ದಾರಿ ಸರಿಯಾಗಿದೆ ಎಂದು ಅರ್ಥವಲ್ಲ.

ಮಾತನ್ನು ಅಂಕಿ ಮಾಡುವ ಈ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ ರೀವ್ಸ್ 1937ರಲ್ಲೇ ಇದರ ತತ್ವವನ್ನು ರೂಪಿಸಿದ್ದರು. 1974ರಲ್ಲಿ ಅಮೆರಿಕದ ಅರ್ಪಾನೆಟ್ ಜಾಲದ ಮೇಲೆ ಪೊಟ್ಟಣಗಳ ರೂಪದಲ್ಲಿ ಮಾತನ್ನು ಕಳಿಸುವ ಪ್ರಯೋಗಗಳು ನಡೆದವು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಮನೆಯ ಗಣಕಯಂತ್ರದಲ್ಲಿ ಅಂತರಜಾಲದ ಮೂಲಕ ಮಾತಾಡುವ ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದು. ದೂರವಾಣಿಯಲ್ಲಿ ಸಾಗಿಸುವ ದನಿಯ ಆವೃತ್ತಿ ಸುಮಾರು 300ರಿಂದ 3400 ಹರ್ಟ್ಸ್. ಒಂದು ಅಲೆಯನ್ನು ಅಂಕಿಗಳಿಂದ ಮತ್ತೆ ಕಟ್ಟಬೇಕಾದರೆ, ಅದರ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. 3400ರ ಎರಡು ಪಟ್ಟು 6800. ಸ್ವಲ್ಪ ಧಾರಾಳವಾಗಿ ಸೆಕೆಂಡಿಗೆ 8000 ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಗೂ 8 ಬಿಟ್. ಅಂದರೆ ಸೆಕೆಂಡಿಗೆ 64,000 ಬಿಟ್. ಇದಕ್ಕೆ ‘ಜಿ.711’ ಎಂದು ಹೆಸರು. 1972ರಿಂದಲೂ ಇರುವ ಅಂತರರಾಷ್ಟ್ರೀಯ ಮಾನಕ ಇದು.

ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತನ್ನು ಒಂದು ಪೊಟ್ಟಣಕ್ಕೆ ತುಂಬುತ್ತಾರೆ. ಹಾಗಾದರೆ ಸೆಕೆಂಡಿಗೆ 50 ಪೊಟ್ಟಣ, ಪ್ರತಿಯೊಂದರಲ್ಲೂ 160 ಬೈಟ್ ಮಾತು. ಪೊಟ್ಟಣದ ಮೇಲೆ ವಿಳಾಸ, ಕ್ರಮಸಂಖ್ಯೆ ಬರೆಯಲು ಇನ್ನೂ 40 ಬೈಟ್. ಒಟ್ಟು 200 ಬೈಟ್. ಇದನ್ನು 50ರಿಂದಲೂ 8ರಿಂದಲೂ ಗುಣಿಸಿದರೆ ಸೆಕೆಂಡಿಗೆ 80,000 ಬಿಟ್. ಒಂದು ಕರೆಗೆ ಹೋಗಲು ಇಷ್ಟು, ಬರಲು ಇಷ್ಟು. ಇಂದಿನ ಅಂತರಜಾಲದ ವೇಗದ ಮುಂದೆ ಇದು ಏನೇನೂ ಅಲ್ಲ.

ಮುಖ್ಯವಾದ ಮಾತು ಇನ್ನೊಂದಿದೆ. ಕರೆ ಬಂತು ಎಂದು ತಿಳಿಸುವ ಸಂದೇಶದ ವ್ಯವಸ್ಥೆಯೇ ಬೇರೆ, ಮಾತನ್ನು ಸಾಗಿಸುವ ವ್ಯವಸ್ಥೆಯೇ ಬೇರೆ. ಮೊದಲನೆಯದಕ್ಕೆ ‘ಸಿಪ್’ ಎನ್ನುತ್ತಾರೆ. 1999ರಲ್ಲಿ ಮಾನಕವಾಗಿ ಪ್ರಕಟವಾದ ಇದು 2002ರಲ್ಲಿ ಪರಿಷ್ಕೃತವಾಯಿತು. ಎರಡನೆಯದಕ್ಕೆ ‘ಆರ್‌ಟಿಪಿ’ ಎಂದು ಹೆಸರು. ಅದರಲ್ಲೂ ಹೋಗುವ ಮಾತಿನದು ಒಂದು ಹರಿವು, ಬರುವ ಮಾತಿನದು ಇನ್ನೊಂದು. ಹೀಗಾಗಿ ಗಂಟೆ ಹೊಡೆದು ಮಾತು ಬಾರದಿರಬಹುದು. ಒಂದು ಕಡೆಯ ಮಾತು ಹೋಗಿ ಇನ್ನೊಂದು ಕಡೆಯದು ಬಾರದಿರಬಹುದು. ನಮ್ಮಲ್ಲಿ ಆದದ್ದು ಇದೇ.

ನಾಲ್ಕು ಪ್ರಶ್ನೆಗಳು

ಫೋನು ತಂದುಕೊಟ್ಟಿದ್ದ ತಂತ್ರಜ್ಞರು ಬಂದು ನೋಡಿ, ‘ಫೋನೇ ಸರಿಯಿಲ್ಲ, ಬದಲಾಯಿಸಿಬಿಡಿ’ ಎಂದರು. ಬದಲಾಯಿಸುವ ಮೊದಲು ನಾವೇ ಒಮ್ಮೆ ಪರೀಕ್ಷಿಸೋಣ ಎಂದು ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿನಿಯರನ್ನು ಜೊತೆಗೆ ಕೂರಿಸಿಕೊಂಡೆ. ಐಪಿ ಫೋನು ಕೈಕೊಟ್ಟಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಅನ್ನ ಸಿಕ್ಕಿದೆಯೇ? ವಿಳಾಸ ಇದೆಯೇ? ಹಾಜರಿ ಹಾಕಿದೆಯೇ? ಮಾತು ಎರಡೂ ಕಡೆ ಹೋಗುತ್ತಿದೆಯೇ? ಇದೇ ಕ್ರಮದಲ್ಲಿ ಕೇಳಬೇಕು. ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಎಂದಿರುವಾಗ ಮೂರನೆಯದಕ್ಕೆ ತಲೆ ಕೆಡಿಸಿಕೊಂಡರೆ ಸಮಯ ದಂಡ.

ಅನ್ನವೆಂದರೆ ವಿದ್ಯುತ್ತು. ಫೋನಿನ ಪರದೆ ಕಪ್ಪಾಗಿದ್ದರೆ ಅಡಾಪ್ಟರ್, ಸಾಕೆಟ್, ತಂತಿ ನೋಡಿ. ರಂಧ್ರಕ್ಕೆ ಹೊಂದುತ್ತದೆಂದು ಬೇರೆ ಯಾವುದೋ ಅಡಾಪ್ಟರ್ ಚುಚ್ಚಬೇಡಿ. ಅದರ ಮೇಲೆ ಬರೆದ ವೋಲ್ಟು ಫೋನಿನ ಕೆಳಗೆ ಬರೆದ ವೋಲ್ಟಿಗೆ ಸರಿಹೋಗಬೇಕು. ಜಾಲದ ಕೇಬಲ್ಲಿನಿಂದಲೇ ವಿದ್ಯುತ್ತು ಪಡೆಯುವ ಫೋನಾದರೆ, ಆ ಕೇಬಲ್ಲಿನ ಇನ್ನೊಂದು ತುದಿ ಇರುವ ಸ್ವಿಚ್ಚಿಗೆ ವಿದ್ಯುತ್ತು ಕೊಡುವ ಸಾಮರ್ಥ್ಯ ಇದೆಯೇ ನೋಡಿ. ಎಲ್ಲ ಸ್ವಿಚ್ಚುಗಳಿಗೂ ಅದು ಇರುವುದಿಲ್ಲ.

ಎರಡನೆಯದು ವಿಳಾಸ. ಫೋನಿನ ಮೆನುವಿನಲ್ಲಿ ‘ಸ್ಟೇಟಸ್’ ಎಂಬಲ್ಲಿ ಐಪಿ ವಿಳಾಸ ಕಾಣುತ್ತದೆ. ಸಣ್ಣ ಕಚೇರಿಗಳಲ್ಲಿ ಅದು ಸಾಮಾನ್ಯವಾಗಿ 192.168 ಎಂದೋ 10 ಎಂದೋ ಶುರುವಾಗುತ್ತದೆ. 0.0.0.0 ಎಂದಿದ್ದರೆ ಅಥವಾ 169.254 ಎಂದು ಶುರುವಾದರೆ ರೂಟರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ. ಇದಕ್ಕೆ ಬಹಳ ಸಲ ಕಾರಣ ಸುಲಭದ್ದು. ಫೋನಿನ ಹಿಂದೆ ಒಂದೇ ತೆರನ ಎರಡು ಕಿಂಡಿ ಇರುತ್ತವೆ. ಒಂದು ರೂಟರಿನಿಂದ ಬರುವ ಕೇಬಲ್ಲಿಗೆ, ಇನ್ನೊಂದು ಗಣಕಯಂತ್ರಕ್ಕೆ. ಅದಲುಬದಲಾಗಿ ಚುಚ್ಚಿರುತ್ತಾರೆ. ಕಸ ಗುಡಿಸುವಾಗ ಕೇಬಲ್ಲು ಸಡಿಲವಾಗಿರುವುದೂ ಉಂಟು.

ಮೂರನೆಯದು ಹಾಜರಿ. ಫೋನು ಸೇವೆ ಕೊಡುವ ಸಂಸ್ಥೆಯ ಸರ್ವರಿಗೆ ‘ನಾನು ಇಂಥವನು, ಇಲ್ಲಿದ್ದೇನೆ’ ಎಂದು ಆಗಾಗ ಹೇಳುತ್ತಿರಬೇಕು. ನಮ್ಮ ಹಾಜರಿ ಪುಸ್ತಕದಂತೆಯೇ. ಹಾಜರಿ ಇಲ್ಲದಿದ್ದರೆ ನಿಮಗೆ ಬಂದ ಕರೆಯನ್ನು ಎಲ್ಲಿಗೆ ಕಳಿಸಬೇಕೆಂದು ಸರ್ವರಿಗೆ ತಿಳಿಯದು. ಪರದೆಯ ಮೇಲೆ ಅಥವಾ ದಾಖಲೆಯಲ್ಲಿ 403 ಎಂಬ ಅಂಕಿ ಕಂಡರೆ ಸರ್ವರು ನಿರಾಕರಿಸಿದೆ ಎಂದರ್ಥ. ಹೆಚ್ಚಾಗಿ ಹೆಸರು ಅಥವಾ ಗುಪ್ತಪದ ತಪ್ಪಿರುತ್ತದೆ. 404 ಎಂದರೆ ಆ ಹೆಸರಿನವರು ಇಲ್ಲಿಲ್ಲ. 408 ಎಂದರೆ ಕಾದರೂ ಉತ್ತರ ಬರಲಿಲ್ಲ. ಆಗ ಅಂತರಜಾಲವೇ ನಿಂತಿದೆಯೇ, ಸರ್ವರಿನ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ ನೋಡಬೇಕು. ಕೆಲವು ಸಂಸ್ಥೆಗಳು ಫೋನಿನ ಸಂಖ್ಯೆ ಒಂದು, ಗುರುತು ಪರೀಕ್ಷೆಯ ಹೆಸರು ಇನ್ನೊಂದು ಎಂದು ಬೇರೆಬೇರೆ ಕೊಟ್ಟಿರುತ್ತವೆ. ಎರಡು ಜಾಗದಲ್ಲೂ ಒಂದನ್ನೇ ಬರೆದು ಪೇಚಿಗೆ ಸಿಕ್ಕವರು ಅನೇಕರು.

ನಮ್ಮ ಫೋನಿಗೆ ಅನ್ನ ಇತ್ತು, ವಿಳಾಸ ಇತ್ತು, ಹಾಜರಿಯೂ ಇತ್ತು. ಹಾಜರಿ ಇದ್ದದ್ದರಿಂದಲೇ ಗಂಟೆ ಹೊಡೆದಿತ್ತು. ಉಳಿದದ್ದು ನಾಲ್ಕನೆಯ ಪ್ರಶ್ನೆ.

ತಪ್ಪು ಎಲ್ಲಿತ್ತು?

ಮೊದಲು ರಿಸೀವರನ್ನೇ ಅನುಮಾನಿಸಿದೆವು. ಎತ್ತಿ ಕಿವಿಗಿಟ್ಟರೆ ಡಯಲ್ ಟೋನು ಸ್ಪಷ್ಟವಾಗಿ ಕೇಳಿತು. ಈ ಟೋನನ್ನು ಫೋನೇ ತಯಾರಿಸುತ್ತದೆ ಎಂದೆನಷ್ಟೆ. ಅದು ಕೇಳಿದರೆ ಕಿವಿಯ ಕಡೆಯ ಸ್ಪೀಕರು ಕೆಟ್ಟಿಲ್ಲ ಎಂದಾಯಿತು. ಬಳಿಕ ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿದ್ದ ಇನ್ನೊಂದು ಐಪಿ ಫೋನಿಗೆ ಕರೆ ಮಾಡಿದೆವು. ಎರಡೂ ಕಡೆ ಮಾತು ಕೇಳಿತು. ನಮ್ಮಲ್ಲಿ ಶಾಲೆಯ ಒಳಗಿನ ಕರೆಯ ಮಾತು ರೂಟರನ್ನು ದಾಟಿ ಹೊರಗೆ ಹೋಗುವುದಿಲ್ಲ, ಒಂದು ಫೋನಿನಿಂದ ಇನ್ನೊಂದಕ್ಕೆ ನೇರವಾಗಿ ಹರಿಯುತ್ತದೆ. ಆಮೇಲೆ ನನ್ನ ಮೊಬೈಲಿನಿಂದ ಶಾಲೆಯ ಸಂಖ್ಯೆಗೆ ಕರೆ ಮಾಡಿದೆ. ಗಂಟೆ ಹೊಡೆಯಿತು. ಹುಡುಗಿ ಎತ್ತಿದಳು. ಅವಳ ಮಾತು ನನಗೆ ಕೇಳಿತು, ನನ್ನದು ಅವಳಿಗೆ ಕೇಳಲಿಲ್ಲ. ಅಂದರೆ ಫೋನು ನಿರ್ದೋಷಿ. ತಪ್ಪು ಇರುವುದು ರೂಟರಿನ ಬಾಗಿಲಲ್ಲಿ.

ಇದನ್ನು ಮಕ್ಕಳಿಗೆ ಹೀಗೆ ಹೇಳಿದೆ. ಒಂದು ವಿದ್ಯಾರ್ಥಿನಿಲಯವಿದೆ ಎನ್ನಿ. ಒಳಗೆ ನೂರು ಹುಡುಗರು, ಹೊರಗಿನ ಲೋಕಕ್ಕೆ ವಿಳಾಸ ಮಾತ್ರ ಒಂದೇ. ಏಳನೆಯ ಕೊಠಡಿಯ ಹುಡುಗ ಮನೆಗೆ ಕಾಗದ ಬರೆದು, ‘ಉತ್ತರವನ್ನು ಏಳನೆಯ ಕೊಠಡಿಗೆ ಕಳಿಸಿ’ ಎಂದಷ್ಟೇ ಬರೆದರೆ? ಕಾಗದ ಮನೆಗೇನೋ ತಲುಪುತ್ತದೆ. ಉತ್ತರ ಮಾತ್ರ ಎಲ್ಲಿಗೂ ತಲುಪುವುದಿಲ್ಲ. ಏಳನೆಯ ಕೊಠಡಿ ಊರಿನ ಎಲ್ಲ ವಿದ್ಯಾರ್ಥಿನಿಲಯಗಳಲ್ಲೂ ಇದೆ! 192.168 ಎಂದು ಶುರುವಾಗುವ ವಿಳಾಸವೂ ಹಾಗೆಯೇ ಮನೆಯೊಳಗಿನ ಕೊಠಡಿ ಸಂಖ್ಯೆ. ಲಕ್ಷಾಂತರ ಕಟ್ಟಡಗಳಲ್ಲಿ ಅದೇ ಸಂಖ್ಯೆ ಇರುತ್ತದೆ. ಫೋನು ತನ್ನ ಸಂದೇಶದ ಒಳಗೆ ಈ ಕೊಠಡಿ ಸಂಖ್ಯೆಯನ್ನೇ ಬರೆದು ಕಳಿಸಿದರೆ, ಆ ತಾಯಿಯ ಮಾತು ಹೊತ್ತ ಪೊಟ್ಟಣಗಳು ದಾರಿ ಕಾಣದೆ ಕಳೆದುಹೋಗುತ್ತವೆ.

ಇದನ್ನು ಸರಿಪಡಿಸಲೆಂದೇ ಹಲವು ರೂಟರುಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ ಇರುತ್ತದೆ. ಕಾಗದಗಳನ್ನು ಒಡೆದು ನೋಡಿ ವಿಳಾಸ ತಿದ್ದುವ ವಾರ್ಡನ್ನು ಇದ್ದಂತೆ. ಉಪಕಾರ ಮಾಡಲು ಹೋಗಿ ಅನೇಕ ಸಲ ಅರ್ಧ ತಿದ್ದಿ ಅರ್ಧ ಬಿಟ್ಟು ಕೆಡಿಸುವುದೂ ಇದೇ. ಸರ್ವರಿನ ಕಡೆಯಲ್ಲೇ ವಿಳಾಸ ಸರಿಪಡಿಸುವ ಏರ್ಪಾಡು ಇರುವಾಗ ಈ ವಾರ್ಡನ್ನಿನ ಕೈಚಳಕ ಬೇಕಿಲ್ಲ. ಸೇವಾಸಂಸ್ಥೆಗೆ ಕೇಳಿದೆವು. ಅದನ್ನು ನಿಲ್ಲಿಸಿ ನೋಡಿ ಎಂದರು. ರೂಟರಿನ ಪುಟ ತೆರೆದು ಅದೊಂದನ್ನು ನಿಲ್ಲಿಸಿ, ರೂಟರನ್ನೂ ಫೋನನ್ನೂ ಆರಿಸಿ ಹಚ್ಚಿದೆವು. ಮತ್ತೆ ಮೊಬೈಲಿನಿಂದ ಕರೆ. ‘ಸಾರ್, ಕೇಳಿಸ್ತು!’ ಎಂದು ಹುಡುಗಿ ಕೂಗಿದ್ದು ಫೋನಿಲ್ಲದೆಯೂ ನನಗೆ ಕೇಳಿಸಿತು. ಹೊಸ ಫೋನಿನ ಖರ್ಚು ಉಳಿಯಿತು.

ಇದರ ಅಣ್ಣತಮ್ಮನಂಥ ಇನ್ನೊಂದು ತೊಂದರೆ ಇದೆ. ಫೋನನ್ನು ಆರಿಸಿ ಹಚ್ಚಿದಾಗ ಎಲ್ಲ ಸರಿ. ಸ್ವಲ್ಪ ಹೊತ್ತಾದ ಮೇಲೆ ಹೊರಗಿನಿಂದ ಕರೆಗಳು ಬರುವುದೇ ಇಲ್ಲ. ಇಲ್ಲಿಂದ ಹೊರಗೆ ಮಾತ್ರ ಮಾಡಬಹುದು. ಒಳಗಿನಿಂದ ಯಾರು ಹೊರಗೆ ಕಾಗದ ಬರೆದರು ಎಂಬುದನ್ನು ರೂಟರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಸ್ವಲ್ಪ ಕಾಲ ಸದ್ದಿಲ್ಲದಿದ್ದರೆ ಅಳಿಸಿಬಿಡುತ್ತದೆ. ಆಗ ಹೊರಗಿನಿಂದ ಬಂದ ಕರೆಗೆ ಬಾಗಿಲು ಮುಚ್ಚಿರುತ್ತದೆ. ಫೋನಿನಲ್ಲಿ ‘ಕೀಪ್ ಅಲೈವ್’ ಎಂಬ ಆಯ್ಕೆಯನ್ನು ಹಚ್ಚಿದರೆ ಅದು ಆಗಾಗ ಒಂದು ಪುಟ್ಟ ಪೊಟ್ಟಣ ಕಳಿಸಿ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುತ್ತದೆ.

ಮಾತು ತುಂಡುತುಂಡಾಗಿ ಕೇಳಿದರೆ? ಒಂದು ಕರೆಗೆ 80,000 ಬಿಟ್ ಸಾಕೆಂದು ಆಗಲೇ ಲೆಕ್ಕ ಹಾಕಿದೆವು. ಕೊರತೆ ಸಾಮಾನ್ಯವಾಗಿ ದಾರಿಯ ಅಗಲದ್ದಲ್ಲ, ಸರದಿಯದು. ಘಾಟಿ ರಸ್ತೆಯಲ್ಲಿ ಹತ್ತು ಲಾರಿಗಳ ಹಿಂದೆ ಸಿಕ್ಕ ಬೈಕನ್ನು ನೆನೆಯಿರಿ. ಗಣಕಯಂತ್ರದ ಪ್ರಯೋಗಾಲಯದಿಂದ ಯಾರೋ ದೊಡ್ಡ ವಿಡಿಯೋ ಕಳಿಸುತ್ತಿದ್ದರೆ, ಮಾತಿನ ಪುಟ್ಟ ಪೊಟ್ಟಣ 1500 ಬೈಟಿನ ಲಾರಿಗಳ ಹಿಂದೆ ನಿಲ್ಲಬೇಕು. ಹೊರಹೋಗುವ ದಾರಿಯ ವೇಗ ಸೆಕೆಂಡಿಗೆ 10 ಲಕ್ಷ ಬಿಟ್ ಆಗಿದ್ದರೆ ಒಂದು ಲಾರಿ ದಾಟಲು 12 ಮಿಲಿಸೆಕೆಂಡು ಬೇಕು. ಹತ್ತು ಲಾರಿಗೆ 120. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಆದ್ದರಿಂದ ಮಾತಿನ ಪೊಟ್ಟಣಕ್ಕೆ ಮೊದಲ ದಾರಿ ಕೊಡುವಂತೆ ರೂಟರಿಗೆ ಹೇಳಬೇಕು. ಇದಕ್ಕೆ ‘ಕ್ಯೂಒಎಸ್’ ಎಂಬ ಆಯ್ಕೆ ಇದೆ. ಅದು ಇಲ್ಲದಿದ್ದರೆ ದೊಡ್ಡ ಕಡತಗಳನ್ನು ಕಚೇರಿ ಮುಗಿದ ಮೇಲೆ ಕಳಿಸುವುದು.

ಬ್ಯಾಂಕಿಗೋ ವಿದ್ಯುತ್ ಕಚೇರಿಗೋ ಫೋನು ಮಾಡಿ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂದಾಗ ಒತ್ತಿದರೂ ಆ ಕಡೆಗೆ ತಿಳಿಯದಿದ್ದರೆ, ಅದು ಗುಂಡಿಯ ದೋಷವಲ್ಲ. ‘1’ ಒತ್ತಿದರೆ 697 ಮತ್ತು 1209 ಹರ್ಟ್ಸಿನ ಎರಡು ದನಿಗಳು ಒಟ್ಟಿಗೆ ಹೋಗಬೇಕು. ಮಾತನ್ನು ಬಿಗಿಯಾಗಿ ಹಿಂಡಿ ಕಳಿಸುವ ವಿಧಾನಗಳಲ್ಲಿ ಈ ದನಿಗಳು ವಿಕಾರವಾಗುತ್ತವೆ. ಫೋನಿನ ‘ಡಿಟಿಎಂಎಫ್’ ಆಯ್ಕೆಯನ್ನು ಸೇವಾಸಂಸ್ಥೆ ಹೇಳಿದಂತೆ ಇರಿಸಿದರೆ ಗುಂಡಿಯ ಅಂಕಿ ಪ್ರತ್ಯೇಕ ಪೊಟ್ಟಣವಾಗಿ ಹೋಗುತ್ತದೆ.

ಏನೇ ಮಾಡಿದರೂ ಪ್ರಯೋಗಾಲಯದ ನಿಯಮ ಮರೆಯಬೇಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸುವ ಮೊದಲು ಹಳೆಯದು ಏನಿತ್ತೆಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಐದು ಆಯ್ಕೆಗಳನ್ನು ಒಟ್ಟಿಗೆ ತಿರುಗಿಸಿ ಫೋನು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ‘ಫ್ಯಾಕ್ಟರಿ ರಿಸೆಟ್’ ಕೊನೆಯ ಮದ್ದು. ಅದು ಖಾತೆಯ ವಿವರಗಳನ್ನೆಲ್ಲ ಅಳಿಸಿಹಾಕುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಎಲ್ಲಿ ಕೆಡುತ್ತದೆ ಎಂದು ತಿಳಿದ ಮೇಲೆ ಏನು ಕೊಳ್ಳಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ವಿದ್ಯುತ್ತಿನ ವಿಷಯ. ಕಡಿಮೆ ಬೆಲೆಯ ಮಾದರಿಗಳಲ್ಲಿ ಎರಡು ಬಗೆ. ಅಡಾಪ್ಟರಿನಿಂದ ಮಾತ್ರ ನಡೆಯುವುದು ಒಂದು, ಜಾಲದ ಕೇಬಲ್ಲಿನಿಂದಲೂ ವಿದ್ಯುತ್ತು ಪಡೆಯುವುದು ಇನ್ನೊಂದು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುತ್ತದೆ. ಯೀಲಿಂಕ್ ಕಂಪನಿಯ ಟಿ31 ಮೊದಲನೆಯ ಬಗೆ, ಟಿ31ಪಿ ಎರಡನೆಯದು. ಗ್ರ್ಯಾಂಡ್‌ಸ್ಟ್ರೀಮ್‌ನ ಜಿಆರ್‌ಪಿ2601 ಮತ್ತು ಜಿಆರ್‌ಪಿ2601ಪಿ ಕೂಡ ಹಾಗೆಯೇ. ಕೇಬಲ್ಲಿನಲ್ಲಿ ವಿದ್ಯುತ್ತು ಕಳಿಸುವ ಮಾನಕ ಬಂದದ್ದು 2003ರಲ್ಲಿ. ಅದರ ಒತ್ತಡ 44ರಿಂದ 57 ವೋಲ್ಟು. ಹಳೆಯ ದೂರವಾಣಿ ಕೇಂದ್ರದ 48 ವೋಲ್ಟು ಹೀಗೆ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು! ಇದರ ದೊಡ್ಡ ಅನುಕೂಲವೆಂದರೆ ರೂಟರಿಗೂ ಸ್ವಿಚ್ಚಿಗೂ ಒಂದು ಯುಪಿಎಸ್ ಕೊಟ್ಟರೆ ಎಲ್ಲ ಫೋನುಗಳೂ ಕರೆಂಟು ಹೋದಾಗ ನಡೆಯುತ್ತವೆ. ಅಡಾಪ್ಟರಿನದಾದರೆ ಪ್ರತಿ ಫೋನಿನ ಸಾಕೆಟ್ಟೂ ಯುಪಿಎಸ್ಸಿಗೆ ಸೇರಿರಬೇಕು. ಎರಡನೆಯ ಬಗೆಯ ಫೋನಿನ ಪೆಟ್ಟಿಗೆಯಲ್ಲಿ ಬಹಳ ಸಲ ಅಡಾಪ್ಟರ್ ಇರುವುದಿಲ್ಲ. ಕೇಳಿ ಕೊಳ್ಳಿ.

ಎರಡನೆಯದು, ಫೋನಿನ ಮೂಲಕ ಗಣಕಯಂತ್ರಕ್ಕೆ ಜಾಲ ಹಾಯಿಸುವ ಯೋಚನೆ ಇದ್ದರೆ ಕಿಂಡಿಯ ವೇಗ ನೋಡಿ. ಅಗ್ಗದ ಮಾದರಿಗಳಲ್ಲಿ ಅದು ಸೆಕೆಂಡಿಗೆ 100 ಮೆಗಾಬಿಟ್. ಗಣಕಯಂತ್ರಕ್ಕೂ ಅಷ್ಟೇ ದಕ್ಕುತ್ತದೆ. ಸಾಮಾನ್ಯ ಕಚೇರಿ ಕೆಲಸಕ್ಕೆ ಅದು ಧಾರಾಳ. ದೊಡ್ಡ ಕಡತಗಳ ಕೆಲಸವಾದರೆ ಗಿಗಾಬಿಟ್ ಮಾದರಿಯನ್ನು ಕೊಳ್ಳಿ, ಅಥವಾ ಗಣಕಯಂತ್ರಕ್ಕೆ ಬೇರೆ ಕೇಬಲ್ಲು ಎಳೆಸಿ.

ಮೂರನೆಯದು, ಫೋನು ಮುಕ್ತ ಸಿಪ್ ಮಾನಕದ್ದಾಗಿರಲಿ, ಒಂದೇ ಸೇವಾಸಂಸ್ಥೆಗೆ ಬೀಗ ಹಾಕಿದ್ದಾಗಿರಬಾರದು. ನಾಳೆ ಸಂಸ್ಥೆ ಬದಲಾಯಿಸಿದರೆ ಫೋನು ಕಸವಾಗಬಾರದಲ್ಲ! ಜಿ.711 ಎಲ್ಲದರಲ್ಲೂ ಇರುತ್ತದೆ. ಸೆಕೆಂಡಿಗೆ 16,000 ಸಲ ಅಳೆದು 7000 ಹರ್ಟ್ಸಿನವರೆಗಿನ ದನಿ ಸಾಗಿಸುವ ಜಿ.722 ಕೂಡ ಇದ್ದರೆ, ಆ ಕಡೆಯ ಫೋನೂ ನಡುವಿನ ಜಾಲವೂ ಅದನ್ನು ಬಲ್ಲವಾದಾಗ ‘ಸ’ ಯಾವುದು ‘ಫ’ ಯಾವುದು ಎಂಬುದು ಚೆನ್ನಾಗಿ ತಿಳಿಯುತ್ತದೆ. ಸಣ್ಣ ಕಚೇರಿಗೆ ಎರಡು ಲೈನು ಸಾಕು. ಬಣ್ಣದ ಪರದೆಗೆ ದುಡ್ಡು ಹಾಕುವ ಬದಲು ರಿಸೀವರು ಕೈಗೆ ಹಿತವಾಗಿದೆಯೇ, ಗುಂಡಿಗಳು ದೊಡ್ಡವೇ ಎಂದು ನೋಡಿ. ದಿನವಿಡೀ ಬಳಸುವವರು ಗುಮಾಸ್ತರು. ಅವರನ್ನೂ ಒಂದು ಮಾತು ಕೇಳಿ.

ಒಂದೇ ಫೋನು ಬೇಕಾಗಿದ್ದರೆ ಹೊಸದು ಬೇಕೇ ಎಂದೂ ಯೋಚಿಸಬೇಕು. ಫೈಬರ್ ಸಂಪರ್ಕದ ಅನೇಕ ಪೆಟ್ಟಿಗೆಗಳಲ್ಲಿ ಸಾಮಾನ್ಯ ದೂರವಾಣಿ ಸಿಕ್ಕಿಸುವ ಕಿಂಡಿ ಇರುತ್ತದೆ. ಇಲ್ಲದಿದ್ದರೆ ಹಳೆಯ ಫೋನನ್ನು ಅಂತರಜಾಲಕ್ಕೆ ಜೋಡಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ. ನಿಮ್ಮ ಹಳೆಯ ಗಟ್ಟಿ ಫೋನೇ ಮುಂದುವರಿಯಬಹುದು. ಆದರೆ ಆ ಪೆಟ್ಟಿಗೆಗೂ ಕರೆಂಟು ಬೇಕು ಎಂಬುದು ನೆನಪಿರಲಿ.

ಸೇವೆಯನ್ನು ಪರವಾನಗಿ ಇರುವ ದೂರಸಂಪರ್ಕ ಸಂಸ್ಥೆಯಿಂದಲೇ ಪಡೆಯಿರಿ. ಅಂತರಜಾಲ ದೂರವಾಣಿ ಸೇವೆಯನ್ನು ಯಾರು ಕೊಡಬಹುದು ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆ 2018ರ ಜೂನ್‌ನಲ್ಲಿ ಸ್ಪಷ್ಟಪಡಿಸಿದೆ. ಫೋನು ಬಂದ ದಿನವೇ ಅದರ ಗುಪ್ತಪದವನ್ನು ಬದಲಾಯಿಸಿ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನೇ ಉಳಿಸಿಕೊಂಡ ಫೋನಿಗೆ ಕಳ್ಳರು ದೂರದಿಂದಲೇ ನುಗ್ಗಿ, ನಿಮ್ಮ ಖಾತೆಯಿಂದ ವಿದೇಶಕ್ಕೆ ಕರೆ ಮಾಡಿ ಬಿಲ್ಲು ಏರಿಸಬಹುದು. ವಿದೇಶಿ ಕರೆ ಬೇಡವಾದರೆ ಸಂಸ್ಥೆಗೆ ಹೇಳಿ ಮುಚ್ಚಿಸಿಬಿಡಿ.

ತುರ್ತು ಸಮಯಕ್ಕೆ ಇದೊಂದನ್ನೇ ನಂಬಬೇಡಿ. ಅಂತರಜಾಲ ನಿಂತರೆ ಫೋನೂ ನಿಲ್ಲುತ್ತದೆ. ಕರೆ ಯಾವ ಕಟ್ಟಡದಿಂದ ಬಂತೆಂದು ಹಳೆಯ ದೂರವಾಣಿಯಷ್ಟು ನಿಶ್ಚಯವಾಗಿ ಇದರಲ್ಲಿ ತಿಳಿಯದಿರಬಹುದು. 112ಕ್ಕೋ 108ಕ್ಕೋ ಕರೆ ಮಾಡುವಾಗ ವಿಳಾಸವನ್ನು ಬಾಯಿಬಿಟ್ಟು ಹೇಳಬೇಕು. ಕಚೇರಿಯಲ್ಲಿ ಚಾರ್ಜು ಮಾಡಿದ ಒಂದು ಮೊಬೈಲು ಇರಲಿ. ಅದರ ಸಂಖ್ಯೆ ಮಕ್ಕಳ ದಿನಚರಿ ಪುಸ್ತಕದಲ್ಲೂ ಇರಲಿ.

ಆ ತಾಯಿಯ ಮನೆಗೆ ಮಾರನೆಯ ಭಾನುವಾರ ಹೋಗಿ ಕ್ಷಮೆ ಕೇಳಿದೆ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದು ಮಂಚದ ಮೇಲೆ ಕುಳಿತಿದ್ದರು. ‘ಮಿಷಿನ್ನು ತಾನೆ ಮೇಷ್ಟ್ರೇ, ಕೆಡುತ್ತೆ’ ಎಂದರು. ಮಿಷಿನ್ನು ಕೆಟ್ಟದ್ದು ನಿಜ. ಆದರೆ ಕರೆ ಮಾಡಿದವರ ಸಂಖ್ಯೆ ಪರದೆಯ ಮೇಲೆ ಮೂರು ಸಲವೂ ಮೂಡಿತ್ತು. ನನ್ನ ಜೇಬಿನಲ್ಲೇ ಮೊಬೈಲು ಇತ್ತು. ಗದರುವ ಬದಲು ಅದರಿಂದ ಒಂದು ಸಲ ಮಾಡಿದ್ದರೆ ಎರಡು ಗಂಟೆಯ ಬಸ್ಸು ತಪ್ಪುತ್ತಿರಲಿಲ್ಲ.

ಈಗ ನಮ್ಮಲ್ಲಿ ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಕೂಡಲೇ ಒಂದು ಪರೀಕ್ಷೆ ನಡೆಯುತ್ತದೆ. ಒಬ್ಬ ಶಿಕ್ಷಕರು ಗೇಟಿನ ಬಳಿಯಿಂದ ಮೊಬೈಲಿನಲ್ಲಿ ಶಾಲೆಗೆ ಕರೆ ಮಾಡುತ್ತಾರೆ. ಕಚೇರಿಯಲ್ಲಿರುವ ವಿದ್ಯಾರ್ಥಿ ಒಂದು ಎನ್ನುತ್ತಾನೆ, ಶಿಕ್ಷಕರು ಎರಡು ಎನ್ನುತ್ತಾರೆ, ಅವನು ಮೂರು. ಹೀಗೆ ಹತ್ತರವರೆಗೆ. ಎಣಿಕೆ ಎಲ್ಲೂ ತಪ್ಪದಿದ್ದರೆ ಪುಸ್ತಕದಲ್ಲಿ ತಾರೀಕು ಹಾಕಿ ಸಹಿ ಮಾಡುತ್ತಾರೆ. ಒಂದು ನಿಮಿಷವೂ ಹಿಡಿಯದ ಕೆಲಸ. ನಿಮ್ಮ ಶಾಲೆಯಲ್ಲಿ, ತಂದೆಯವರ ಅಂಗಡಿಯಲ್ಲಿ ಇಂಥ ಫೋನು ಇದ್ದರೆ ಈ ಸೋಮವಾರ ನೀವೂ ಎಣಿಸಿ ನೋಡಿ.